ಕುಮಾವೂನಿನ ಸರೋವರಗಳು

ಹಿಮವಂತನ ಹೊರಸಾಲಿನ ಬೆಟ್ಟಗಳಲ್ಲಿ, ಉತ್ತರಾಖಂಡದ ನೈನಿತಾಲ್ ಜಿಲ್ಲೆಯೊಳಗೆ, ಒಂದು ಹಗಲಿನ ಮೋಟಾರು ಪ್ರಯಾಣದಲ್ಲಿ ನೋಡಿಬರಬಹುದಾದಷ್ಟು ಸಮೀಪದಲ್ಲಿ ಹಲವು ಸರೋವರಗಳುಂಟು. ಕುಮಾವೂನಿನ ಜನರು ಸರೋವರವನ್ನು ‘ತಾಲ್’ ಎನ್ನುವರು. ಏರಿ, ತೂಬು, ಕೋಡಿಗಳಿಲ್ಲದೆ ಕೆರೆಯನ್ನು ಊಹಿಸಲಾರದ ನಮ್ಮ ಬಯಲುಸೀಮೆಯ ಕಣ್ಣಿಗೆ, ಬೆಟ್ಟಗಳ ನಡುವೆ ತಾನಾಗಿ ಹುಟ್ಟಿ ನಿಂತ ಈ ನೀರು ಅಪೂರ್ವವಾದ ನೋಟವೇ ಸರಿ.

ನಾವು ದಂಪತಿಗಳಿಬ್ಬರೂ ಅಕ್ಟೋಬರ್ ತಿಂಗಳಲ್ಲಿ ಅಲ್ಲಿಗೆ ಹೋಗಿದ್ದೆವು. ಮಳೆ ಕಳೆದು ಆಕಾಶ ತೊಳೆದಿಟ್ಟಂತಿರುವ ಕಾಲ ಅದು. ನಮ್ಮ ಯಜಮಾನರು ಮೂವತ್ತು ವರ್ಷ ನೀರಾವರಿ ಇಲಾಖೆಯಲ್ಲಿ ದುಡಿದವರು. ನೀರು ಎಲ್ಲಿ ಕಂಡರೂ ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಎಂದು ವಿಚಾರಿಸದೆ ಬಿಡುವವರಲ್ಲ. ಇಂಥವರೊಡನೆ ಸೃಷ್ಟಿಸೌಂದರ್ಯವನ್ನು ನೋಡಲು ಹೊರಡುವ ಗೃಹಿಣಿಗೆ ತಾಳ್ಮೆ ಬೇಕೆಂದು ಬೇರೆ ಹೇಳಬೇಕೆ?

ನೈನಿತಾಲ್ ಪಟ್ಟಣ ಸಮುದ್ರಮಟ್ಟಕ್ಕೆ ಸುಮಾರು 6,400 ಅಡಿ ಎತ್ತರದಲ್ಲಿದೆ. ಸತೀದೇವಿಯ ನಯನ ಬಿದ್ದ ಸ್ಥಳವಾದ್ದರಿಂದ ಈ ಹೆಸರು ಬಂತೆಂದು ಐತಿಹ್ಯ. ನಯನಾದೇವಿಯ ಗುಡಿ ದಡದಲ್ಲಿಯೇ ಇದೆ. ಬೆಳಗಿನ ಹೊತ್ತು ಬೆಟ್ಟದ ನೆರಳು ಅರ್ಧ ನೀರಿನ ಮೇಲೆ, ಎಳೆಬಿಸಿಲು ಇನ್ನರ್ಧದ ಮೇಲೆ ಬಿದ್ದಿತ್ತು. ಹಾಯಿದೋಣಿಗಳು ಒಂದೊಂದಾಗಿ ನೆರಳಿನಿಂದ ಬಿಸಿಲಿಗೆ ಜಾರುವುದನ್ನು ನಾನು ನೋಡುತ್ತ ನಿಂತಿದ್ದೆ. ಯಜಮಾನರು ಮಾತ್ರ ತಲ್ಲಿತಾಲ್ ತುದಿಯಲ್ಲಿ ನೀರು ಹೊರಬೀಳುವ ಬಾಗಿಲುಗಳ ಬಳಿ ನಿಂತಿದ್ದರು.

“ಇಷ್ಟು ಚೆಲುವಾದ ನೀರನ್ನು ಬಿಟ್ಟು ಬಾಗಿಲನ್ನು ನೋಡುತ್ತೀರಲ್ಲ!” ಎಂದೆ.

“ಊರೆಲ್ಲ ಕುಡಿಯುವುದು ಈ ನೀರನ್ನೇ. ಇದು ಇಳಿದರೆ ಊರಿನ ಗತಿಯೇನು, ಹೇಳು ನೋಡೋಣ?” ಎಂದರು.

ಅದು ಬರಿಯ ಮಾತಲ್ಲ. 2017ರ ಬೇಸಿಗೆಯಲ್ಲಿ ನೀರು ಬಹಳ ತಗ್ಗಿ, ದಡದುದ್ದಕ್ಕೂ ಕೆಸರುದಿಣ್ಣೆಗಳು ಹೊರಬಿದ್ದಿದ್ದವು. ಪಟ್ಟಣದ ಮೇಲ್ಭಾಗದಲ್ಲಿ ಸೂಖಾತಾಲ್ ಎಂಬ ತಗ್ಗೊಂದಿದೆ. ಹೆಸರೇ ಹೇಳುವಂತೆ ವರ್ಷದ ಬಹುಭಾಗ ಒಣಗಿರುತ್ತದೆ. ಆದರೆ ಮಳೆಗಾಲದಲ್ಲಿ ಅದು ಹಿಡಿದ ನೀರು ನೆಲದೊಳಗೆ ಇಂಗಿ, ಗುಪ್ತವಾಗಿ ದೊಡ್ಡ ಸರೋವರವನ್ನು ಸೇರುತ್ತದೆ. ಒಣನೆಲವೆಂದು ಬಗೆದು ಜನರು ಅಲ್ಲಿ ಮನೆ ಕಟ್ಟಿದರು, ಕಲ್ಲುಮಣ್ಣು ಸುರಿದರು. ಸರೋವರದ ನೀರೂ ಕೆಟ್ಟು, 2007ರಲ್ಲಿ ಅದರ ತಳಕ್ಕೆ ಕೊಳವೆಗಳ ಮೂಲಕ ಗಾಳಿಯೂದುವ ಏರ್ಪಾಡನ್ನು ಮಾಡಬೇಕಾಯಿತು. ಉಸಿರಾಡಲಾರದ ರೋಗಿಗೆ ಮಾಡುವ ಉಪಚಾರದಂತೆ!

ಬೆಟ್ಟವೂ ಇಲ್ಲಿ ಒಮ್ಮೆ ಮುನಿದಿತ್ತು. 1880ರ ಸೆಪ್ಟೆಂಬರ್ 18ರಂದು, ಎಡೆಬಿಡದ ಮಳೆಯಲ್ಲಿ ಉತ್ತರದ ಇಳಿಜಾರು ಕುಸಿದು 151 ಮಂದಿ ಮಣ್ಣುಪಾಲಾದರು. ಹಳೆಯ ದೇವಾಲಯವೂ ಉಳಿಯಲಿಲ್ಲ. ಈಗ ಮಕ್ಕಳು ಚೆಂಡಾಡುವ ಮೈದಾನ ವಿಸ್ತಾರವಾದುದು ಆ ಮಣ್ಣಿನಿಂದಲೇ. ಬಳಿಕ ಮಳೆನೀರು ನೆಲದೊಳಗೆ ನುಗ್ಗದಂತೆ ಬೆಟ್ಟದ ಮೈಮೇಲೆಲ್ಲ ಕಲ್ಲಿನ ಕಾಲುವೆಗಳನ್ನು ಕಟ್ಟಿದರು. ಅವು ಇಂದಿಗೂ ಊರನ್ನು ಕಾಯುತ್ತಿವೆ, ಕಸ ತುಂಬದೆ ಇದ್ದಲ್ಲಿ.

ಭವಾಲಿಯ ಹಣ್ಣಿನಂಗಡಿಗಳ ಮುಂದೆ ಗಾಡಿ ನಿಲ್ಲಿಸಿ ಸೇಬುಗಳನ್ನು ಕೊಂಡೆವು. ಪೈನ್ ಮರಗಳ ಗಾಳಿಗೆ ಹೆಸರಾದ ಈ ಊರಿನಲ್ಲಿ 1912ರಲ್ಲಿ ಕ್ಷಯರೋಗಿಗಳ ಆರೋಗ್ಯಧಾಮ ಸ್ಥಾಪಿತವಾಯಿತು; ಕಮಲಾ ನೆಹರೂ ಅವರು ಇಲ್ಲಿ ಚಿಕಿತ್ಸೆ ಪಡೆದಿದ್ದರು.

ಅಲ್ಲಿಂದ ದಾರಿ ಸುತ್ತಿ ಸುತ್ತಿ ಇಳಿದು ಭೀಮತಾಲನ್ನು ಸೇರುತ್ತದೆ. ನೈನಿತಾಲಿಗಿಂತ ಇದು ಹೆಚ್ಚುಕಡಮೆ ಎರಡು ಸಾವಿರ ಅಡಿ ಕೆಳಗಿದೆ. ಕಣಿವೆ ಅಗಲ, ಬಿಸಿಲು ಬೆಚ್ಚಗೆ, ನಡುವೆ ಒಂದು ಪುಟ್ಟ ದ್ವೀಪ. ಭೀಮೇಶ್ವರನ ಗುಡಿಯ ಬಳಿಯಲ್ಲಿ 1883ರಲ್ಲಿ ಕಟ್ಟಿದ ಕಲ್ಲಿನ ಅಣೆಕಟ್ಟು ಕಂಡೊಡನೆ ಯಜಮಾನರ ಮುಖ ಅರಳಿತು. “ನೋಡು, ಕೊನೆಗೂ ಒಂದು ಏರಿ!” ಎಂದು ಹುಡುಗನಂತೆ ಅದರ ಮೇಲೆ ನಡೆದುಹೋದರು. ಬೆಟ್ಟದ ಬುಡದ ಭಾಬರ್ ಪ್ರದೇಶದಲ್ಲಿ ನೆಲವೆಲ್ಲ ಉರುಟುಕಲ್ಲು. ಹರಿದು ಬಂದ ಹೊಳೆಗಳನ್ನು ಅದು ನುಂಗಿಬಿಡುತ್ತದೆ. ಆದುದರಿಂದ ನೀರನ್ನು ಮೇಲೆಯೇ ಹಿಡಿದಿಡುವುದಕ್ಕೆ ಅಷ್ಟು ಬೆಲೆ.

ಇನ್ನೂ ಹತ್ತು ನಿಮಿಷದ ದಾರಿಯಲ್ಲಿ ನೌಕುಚಿಯಾತಾಲ್, ಎಂದರೆ ಒಂಬತ್ತು ಮೂಲೆಗಳ ಸರೋವರ. ಒಂಬತ್ತನ್ನೂ ಒಂದೇ ನೋಟದಲ್ಲಿ ಕಂಡವರಿಗೆ ಮೋಕ್ಷವೆನ್ನುವರು. ನಾನು ಆರರವರೆಗೆ ಎಣಿಸಿದೆ, ಯಜಮಾನರಿಗೆ ಐದು. ಸಂಸಾರದಲ್ಲಿ ಇನ್ನೂ ಕೆಲವು ಕಾಲ ಇರುವುದು ಲೇಸೆಂದು ಇಬ್ಬರೂ ಕಟ್ಟಿ ತಂದಿದ್ದ ಬುತ್ತಿಯನ್ನು ಬಿಚ್ಚಿದೆವು.

ಸಾತ್ತಾಲಿಗೆ ಹೋದಾಗ ಹೊತ್ತು ಇಳಿದಿತ್ತು. ರಾಮ, ಲಕ್ಷ್ಮಣ, ಸೀತೆ, ಗರುಡರ ಹೆಸರಿನ ಸರೋವರಗಳು ಇಲ್ಲಿವೆ. ನಳದಮಯಂತಿಯರ ಹೆಸರಿನದೂ ಒಂದುಂಟು. ಕನಕದಾಸರ ನಳಚರಿತ್ರೆಯನ್ನು ಓದಿಸುತ್ತಿದ್ದ ನಮ್ಮ ತಂದೆಯವರ ನೆನಪಾಯಿತು. ಸುತ್ತಲೂ ದಟ್ಟವಾದ ಕಾಡು. ಹಕ್ಕಿಗಳ ದನಿಯ ಹೊರತು ಬೇರೆ ಸದ್ದಿಲ್ಲ. ನನಗೆ ಎಲ್ಲಕ್ಕಿಂತ ಹಿಡಿಸಿದುದು ಈ ತಾಣವೇ.

ಮರಳುವ ದಾರಿಯಲ್ಲಿ ಬಾಂಜ್ ಎಂಬ ಓಕ್ ಮರಗಳ ಕೆಳಗೆ ಒಂದು ನೌಲಾ ಸಿಕ್ಕಿತು. ಒರತೆಯ ಸುತ್ತ ಕಲ್ಲು ಕಟ್ಟಿ, ಗುಡಿಯಂತೆ ಮೇಲೆ ಮುಚ್ಚಿ, ಒಳಗೆ ಮೆಟ್ಟಿಲಿಳಿಸಿದ ಪುಟ್ಟ ಬಾವಿ ಅದು. ಈ ಮರಗಳ ಬುಡದ ಮೆತ್ತನೆಯ ಎಲೆಮಣ್ಣು ಮಳೆನೀರನ್ನು ಹೀರಿಟ್ಟು ಮೆಲ್ಲಮೆಲ್ಲನೆ ಕೊಡುವುದರಿಂದ ಒರತೆಗಳು ಬದುಕಿರುತ್ತವೆ. ನೀರು ತುಂಬುತ್ತಿದ್ದ ಅಜ್ಜಿಯೊಬ್ಬಳು ನಮ್ಮ ಮಾತು ತಿಳಿಯದಿದ್ದರೂ ಬಾಯಾರಿಕೆಯನ್ನು ತಿಳಿದು, ತಾಮ್ರದ ಬಿಂದಿಗೆಯನ್ನು ಬಗ್ಗಿಸಿದಳು. ಬೊಗಸೆಯೊಡ್ಡಿ ಕುಡಿದೆವು. ಆ ತಣ್ಣೀರಿಗೆ ಹಲ್ಲು ಜುಮ್ಮೆಂದಿತು. ಈ ಸಲ ಯಜಮಾನರು ನೀರಿನ ಲೆಕ್ಕವನ್ನು ಕೇಳದೆ, ಇನ್ನೊಂದು ಬೊಗಸೆಗೆ ಕೈ ಚಾಚಿದರು.