ಗುಮಾಸ್ತರು ಬಂದ್ರು ಕಣ್ರೋ!

ನಮ್ಮ ಅಜ್ಜಿ ಕೊಬ್ಬರಿ ಮಂಡಿಯ ಗುಮಾಸ್ತನಿಗೆ ಇಟ್ಟಿದ್ದ ಹೆಸರು ‘ನಕ್ಷತ್ರಿಕ’. ಅವನ ಸೈಕಲ್ಲು ಬೇಲಿಗೆ ಒರಗಿದ ಸದ್ದಾದರೆ ಸಾಕು, ‘ಬಂದ ನೋಡು ನಕ್ಷತ್ರಿಕ. ತಾತ ಮನೇಲಿಲ್ಲ ಅಂತ ಹೇಳೋಗು ಮಗ’ ಎಂದು ನನ್ನನ್ನು ಮುಂದೆ ತಳ್ಳುವಳು. ತಾತ ಅಟ್ಟದ ಮೇಲೆ ಉಸಿರು ಬಿಗಿಹಿಡಿದು ಕೂತಿರುತ್ತಿದ್ದ. ಅಟ್ಟಕ್ಕೇರಿಸಿದ ಕಾಯಿಯ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಿಟುಕಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಮಂಡಿಯಿಂದ ತಂದ ಮುಂಗಡ ಮದುವೆಗೋ ಬಾವಿಗೋ ಮೂರೇ ದಿನದಲ್ಲಿ ಇಂಗಿಹೋಗುತ್ತಿತ್ತು. ಮಿಕ್ಕ ತಿಂಗಳುಗಳೆಲ್ಲ ಗುಮಾಸ್ತನವು.

ರಾಘವಾಂಕನ ಹರಿಶ್ಚಂದ್ರ ಕಾವ್ಯ ಓದಿದವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ಆ ಹೆಸರು ಬಂದದ್ದು ಸಿನಿಮಾ ಟೆಂಟಿನಿಂದ, ಹುಣಸೂರು ಕೃಷ್ಣಮೂರ್ತಿಯವರ ‘ಸತ್ಯ ಹರಿಶ್ಚಂದ್ರ’ದಿಂದ. 1965ರ ಚಿತ್ರ ತುರುವೇಕೆರೆ ಕಡೆಯ ನಮ್ಮ ಟೆಂಟಿಗೆ ಬರುವ ಹೊತ್ತಿಗೆ ಮೈಯೆಲ್ಲ ಗೀರು, ಅಲ್ಲಲ್ಲಿ ಮಾತೇ ಮಾಯ. ಸಂಜೆ ಘಂಟಸಾಲ ಅವರ ವೆಂಕಟೇಶನ ಹಾಡು ತೋಟಗಳ ಮೇಲಿಂದ ತೇಲಿಬಂದರೆ ಟಿಕೆಟ್ ಕೊಡುತ್ತಿದ್ದಾರೆ ಎಂದೇ ಅರ್ಥ. ಅಜ್ಜಿ ಸೊಂಟಕ್ಕೆ ಕಡಲೆಕಾಯಿ ಕಟ್ಟಿಕೊಂಡು ನೆಲದಲ್ಲಿ ಜಾಗ ಹಿಡಿಯುವಳು. ಬೆಂಚು ಮಂಡಿಯವರಿಗೆ, ಮೇಷ್ಟ್ರಿಗೆ.

ತೆರೆಯ ಮೇಲೆ ರಾಜ್ಯ ಕಳೆದುಕೊಂಡ ಹರಿಶ್ಚಂದ್ರ ರಾಜ ಹೆಂಡತಿ ಚಂದ್ರಮತಿಯನ್ನೂ ಮಗನನ್ನೂ ಕಟ್ಟಿಕೊಂಡು ಕಾಶಿಯ ದಾರಿ ಹಿಡಿದಿದ್ದಾನೆ. ವಿಶ್ವಾಮಿತ್ರನ ಸಾಲ ವಸೂಲಿಗೆ ಬೆನ್ನು ಬಿದ್ದವನೇ ನಕ್ಷತ್ರಿಕ. ಬಡಕಲು ಮೈ, ಮುಂದಕ್ಕೆ ಚಾಚಿದ ಹಲ್ಲು. ನರಸಿಂಹರಾಜು ತೆರೆಗೆ ಬಂದೊಡನೆ ನೆಲದಿಂದ ಯಾರೋ ಕೂಗಿದರು: ‘ಗುಮಾಸ್ತರು ಬಂದ್ರು ಕಣ್ರೋ!’ ಇಡೀ ಟೆಂಟು ಬಿದ್ದು ಬಿದ್ದು ನಕ್ಕಿತು. ‘ನಿನ್ನ ಮನೆ ಹಾಳಾಗ’ ಎಂದು ಬೈಯುತ್ತಲೇ ಅಜ್ಜಿ ನಕ್ಕಳು. ಬೆಂಚಿನ ಮೇಲಿದ್ದ ನಮ್ಮ ಗುಮಾಸ್ತ ಎಲ್ಲರಿಗಿಂತ ಜೋರಾಗಿ ನಕ್ಕ. ಮರುದಿನ ಬೆಳಿಗ್ಗೆ ಅವನ ಸೈಕಲ್ಲು ಬೇಲಿಗೆ ಒರಗಿತು. ಸಾಲದಲ್ಲಿ ಒಂದು ರೂಪಾಯಿಯೂ ಇಳಿಯಲಿಲ್ಲ. ಆದರೆ ತಾತ ಅಂದು ಅಟ್ಟದಿಂದ ಇಳಿದು ಬಂದು ಜಗಲಿಯಲ್ಲಿ ಕೂತ.

ಆ ನಕ್ಷತ್ರಿಕ ನಮ್ಮ ತಿಪಟೂರಿನವನೇ ಎಂಬ ಜಂಬ ಬೇರೆ ನಮಗೆ. 1923ರಲ್ಲಿ ಅಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಬಣ್ಣ ಹಚ್ಚಿ, ಗುಬ್ಬಿ ಕಂಪನಿಯಲ್ಲಿ ಪಳಗಿ, 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರ್ ಜೊತೆಯಲ್ಲೇ ತೆರೆಗೆ ಬಂದವರು ನರಸಿಂಹರಾಜು. 1967ರ ‘ನಕ್ಕರೆ ಅದೇ ಸ್ವರ್ಗ’ದಲ್ಲಿ ಅವರೇ ನಾಯಕ; ಎಸ್.ಪಿ. ಬಾಲಸುಬ್ರಹ್ಮಣ್ಯಂ ಕನ್ನಡದಲ್ಲಿ ಮೊದಲು ಹಾಡಿದ್ದೂ ಆ ಚಿತ್ರಕ್ಕೇ. 1979ರಲ್ಲಿ ತೀರಿಕೊಂಡಾಗ ಅವರಿಗೆ 60 ಕೂಡ ತುಂಬಿರಲಿಲ್ಲ. ನಾಯಕನಾಗಿದ್ದಕ್ಕಿಂತ ನನಗೆ ಆ ಸಾಲಗಾರನ ಬಾಲವೇ ದೊಡ್ಡದು. ಹಸಿದವರ ಪಕ್ಕದಲ್ಲೇ ನಿಂತು ನಗಿಸಿದ ಮನುಷ್ಯ. ನಗುವಾಗಲೂ ಹರಿಶ್ಚಂದ್ರನ ಮಗುವಿನ ಸುಸ್ತಾದ ಕಾಲು ನಮ್ಮ ಕಣ್ಣಿನಿಂದ ಮರೆಯಾಗುತ್ತಿರಲಿಲ್ಲ.

ಟೆಂಟು ಎದ್ದುಹೋಗಿ ಎಷ್ಟೋ ಕಾಲವಾಯಿತು. ಅಲ್ಲೀಗ ಕೊಬ್ಬರಿ ಗೋದಾಮು. ಹುಳಿಯಾರಿನಲ್ಲಿರುವ ನನ್ನ ತಂಗಿಗೂ ಟೆಂಟೆಂದರೆ ನೆನಪಾಗುವುದು ಕಡಲೆಕಾಯಿ ಮಾತ್ರ. 2008ರಲ್ಲಿ ‘ಸತ್ಯ ಹರಿಶ್ಚಂದ್ರ’ ಬಣ್ಣ ಬಳಿದುಕೊಂಡು ಮತ್ತೆ ಬಂದಾಗ ಹೋಗಿ ನೋಡಿದೆ. ಬಣ್ಣ ಚೆನ್ನಾಗಿಯೇ ಇತ್ತು. ಎಲ್ಲರೂ ಕುರ್ಚಿಯ ಮೇಲೆ ಸುಮ್ಮನೆ ಕೂತಿದ್ದರು.

ಮೊನ್ನೆ ಮೊಮ್ಮಗ ಫೋನಿನಲ್ಲಿ ಅರ್ಧ ನಿಮಿಷದ ತುಣುಕು ತೋರಿಸಿದ. ನಕ್ಷತ್ರಿಕನ ಮಾತಿತ್ತು, ಹಲ್ಲಿತ್ತು. ರಾಜನಿಲ್ಲ, ಚಂದ್ರಮತಿಯಿಲ್ಲ, ಕಾಶಿಯ ದಾರಿಯೂ ಇಲ್ಲ. ಆದರೂ ನನಗೆ ನಗು ತಡೆಯಲಾಗಲಿಲ್ಲ.

‘ಇದ್ರಲ್ಲಿ ನಗೋದು ಏನಿದೆ ತಾತ?’ ಎಂದ.

‘ಗುಮಾಸ್ತರು ಬಂದ್ರು ಕಣೋ’ ಎಂದೆ. ಯಾವ ಗುಮಾಸ್ತರು ಎಂದು ಬಾಗಿಲ ಕಡೆ ನೋಡಿದ. ಅಷ್ಟರಲ್ಲಿ ಅವನ ಬೆರಳು ಮುಂದಿನ ತುಣುಕಿಗೆ ಜಾರಿತ್ತು.