ಪಾದ ತೊಳೆಯುವ ಕೆಲಸ

ಮಾಗಡಿಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಓಡಾಡುವವರೆಲ್ಲರಿಗೂ ಸುಮನಹಳ್ಳಿ ಗೊತ್ತು. ಈಗ ಆ ಹೆಸರು ಹೇಳಿದರೆ ಜನರಿಗೆ ನೆನಪಾಗುವುದು ಮೇಲ್ಸೇತುವೆ, 2019ರಲ್ಲಿ ಅದರಲ್ಲಿ ಬಿದ್ದ ತೂತು ಮತ್ತು ಟ್ರಾಫಿಕ್ಕು. ಆದರೆ ಆ ಹೆಸರಿನ ಹಿಂದೆ ಕುಷ್ಠರೋಗಿಗಳ ಪುನರ್ವಸತಿ ಕೇಂದ್ರವೊಂದಿದೆ. 1970ರ ದಶಕದ ಕೊನೆಯಲ್ಲಿ ರಾಜ್ಯ ಸರಕಾರ ಕೇಳಿಕೊಂಡ ಮೇಲೆ ಬೆಂಗಳೂರಿನ ಕ್ಯಾಥೊಲಿಕ್ ಮಹಾಧರ್ಮಪ್ರಾಂತ್ಯ ಆರಂಭಿಸಿದ್ದು. ನಾವು ಚಿಕ್ಕವರಿದ್ದಾಗ ಬಸ್ಸು ಅಲ್ಲಿ ನಿಂತರೆ ಕೆಲವರು ಸೀಟಿನಲ್ಲಿ ಸರಿದು ಮುದುಡಿ ಕೂರುತ್ತಿದ್ದರು.

ನಾವು ಮಾಗಡಿಯ ಕ್ರೈಸ್ತ ಕುಟುಂಬದವರು. ನಮ್ಮ ದೊಡ್ಡಮ್ಮ ಇಂಥದೇ ಇನ್ನೊಂದು ಕಡೆ ಬಹಳ ವರ್ಷ ಆಯಾ ಕೆಲಸ ಮಾಡಿದವರು. ಸಿಸ್ಟರ್ ಅಲ್ಲ, ನರ್ಸೂ ಅಲ್ಲ. ರೋಗಿಗಳ ಪಾದ ನೋಡಿಕೊಳ್ಳುವುದು ಅವರ ಕೆಲಸ.

ಆ ಕೆಲಸ ಏನೆಂದು ಹೇಳಬೇಕು. ಕುಷ್ಠರೋಗದಲ್ಲಿ ಬೆರಳು ತಾನಾಗಿ ಕೊಳೆತು ಉದುರುತ್ತದೆ ಎಂದು ಜನ ಇವತ್ತಿಗೂ ನಂಬಿದ್ದಾರೆ. ಹಾಗಲ್ಲ. ರೋಗಾಣು ನರವನ್ನು ಕೆಡಿಸುತ್ತದೆ, ನೋವು ಗೊತ್ತಾಗುವುದಿಲ್ಲ. ಚಪ್ಪಲಿಯೊಳಗೆ ಕಲ್ಲು ಸೇರಿದರೂ, ಬಿಸಿ ಪಾತ್ರೆ ತಗುಲಿದರೂ ಅರಿವಾಗುವುದಿಲ್ಲ. ಗಾಯದ ಮೇಲೆ ನಡೆದು ನಡೆದು ಮೂಳೆ ಹಾಳಾಗುತ್ತದೆ. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದ ಡಾಕ್ಟರ್ ಪಾಲ್ ಬ್ರಾಂಡ್ ವೆಲ್ಲೂರಿನಲ್ಲಿ ಇದನ್ನು ತೋರಿಸಿಕೊಟ್ಟರು. ಅವರು ಕೈಬೆರಳು ನೆಟ್ಟಗಾಗುವ ಶಸ್ತ್ರಚಿಕಿತ್ಸೆ ಮಾಡಿದರು. ಅದಷ್ಟೇ ಅಲ್ಲ, ರೋಗಿಗೆ ಹೊಂದುವ ಚಪ್ಪಲಿಗಾಗಿ ಚಮ್ಮಾರರ ಜೊತೆ ಕೂತು ತಲೆ ಕೆಡಿಸಿಕೊಂಡರು. ಮೆತ್ತನೆಯ ಎಂ.ಸಿ.ಆರ್. ರಬ್ಬರಿನ ಚಪ್ಪಲಿ ಇಂಥ ಪಾದಗಳಿಗೆ ಇಂದಿಗೂ ಔಷಧಿಯಷ್ಟೇ ಮುಖ್ಯ. ಅದರ ಜೊತೆಗೆ ದಿನಾ ಮಾಡಬೇಕಾದದ್ದು ಸರಳ: ಪಾದವನ್ನು ಇಪ್ಪತ್ತು ನಿಮಿಷ ನೀರಿನಲ್ಲಿ ನೆನೆಸಬೇಕು, ದಡ್ಡುಗಟ್ಟಿದ ಚರ್ಮವನ್ನು ಕಲ್ಲಿನಿಂದ ಮೆಲ್ಲಗೆ ಉಜ್ಜಬೇಕು, ಹಸಿ ಆರುವ ಮುಂಚೆ ಎಣ್ಣೆ ಸವರಬೇಕು. ಬೆರಳ ಸಂದಿ, ಹಿಮ್ಮಡಿ ಎಲ್ಲ ಕಣ್ಣಿಟ್ಟು ನೋಡಬೇಕು. ದೊಡ್ಡಮ್ಮ ಮಾಡುತ್ತಿದ್ದುದು ಇದನ್ನೇ. ಬೆಳಿಗ್ಗೆ ಕೂತರೆ ಮಧ್ಯಾಹ್ನ ಏಳುತ್ತಿದ್ದರು, ಸೊಂಟ ಹಿಡಿದುಕೊಂಡು.

ನಮ್ಮಲ್ಲಿ ಪವಿತ್ರ ಗುರುವಾರದಂದು ಚರ್ಚಿನಲ್ಲಿ ಫಾದರ್ ಹನ್ನೆರಡು ಮಂದಿಯ ಪಾದ ತೊಳೆಯುತ್ತಾರೆ. ಯೇಸು ಕೊನೆಯ ಭೋಜನದ ರಾತ್ರಿ ಶಿಷ್ಯರ ಪಾದ ತೊಳೆದ ನೆನಪಿಗೆ. ಆ ಕಾಲದಲ್ಲಿ ಅದು ಮನೆಯ ಗುಲಾಮರ ಕೆಲಸ. ಅದಕ್ಕೇ ಪೇತ್ರನಿಗೆ ತಡೆದುಕೊಳ್ಳಲಾಗಲಿಲ್ಲ, ಬೇಡವೆಂದು ಕಾಲು ಹಿಂದೆಳೆದುಕೊಂಡ. ಒಂದು ವರ್ಷ ಹೇಗೋ ರಜೆ ಸಿಕ್ಕಿ ದೊಡ್ಡಮ್ಮ ಆ ಪೂಜೆಗೆ ಬಂದಿದ್ದರು. ಮನೆಗೆ ಬಂದ ಮೇಲೆ, ‘ಫಾದರು ನೀರು ಚಿಮುಕಿಸಿದ್ರು ಅಷ್ಟೆ, ಹಿಮ್ಮಡಿ ಮುಟ್ಟಲೇ ಇಲ್ಲ’ ಅಂದರು. ತಮಾಷೆಗಲ್ಲ, ಕೆಲಸ ಗೊತ್ತಿದ್ದವರ ಆಕ್ಷೇಪಣೆ ಅದು. ಅಂದಹಾಗೆ, ಆ ಹನ್ನೆರಡು ಮಂದಿಯಲ್ಲಿ ಹೆಂಗಸರೂ ಇರಬಹುದೆಂದು ರೋಮಿನಿಂದ ಅಧಿಕೃತ ಅಪ್ಪಣೆ ಬಂದದ್ದು 2016ರಲ್ಲಿ.

ಯೇಸು ಮೂವತ್ತರ ಆಸುಪಾಸಿನವರೆಗೆ ನಜರೇತಿನಲ್ಲಿ ಬಡಗಿಯಾಗಿದ್ದರು. ಬೋಧನೆ ಮಾಡಿದ್ದು ಕೊನೆಯ ಎರಡು ಮೂರು ವರ್ಷ. ಆ ಉಳಿ, ಬಾಚಿಯ ವರ್ಷಗಳ ಬಗ್ಗೆ ಶುಭಸಂದೇಶಗಳು ಹೆಚ್ಚೇನೂ ಹೇಳುವುದಿಲ್ಲ, ನಮ್ಮ ಪ್ರಸಂಗಗಳೂ ಹೇಳುವುದಿಲ್ಲ. ಸಂತ ಪೌಲ ಡೇರೆ ಮಾಡಿ ಹೊಟ್ಟೆ ಹೊರೆದದ್ದು ಎಷ್ಟು ಮಂದಿಗೆ ನೆನಪಿದೆ? ನಮ್ಮ ಸಮುದಾಯದಲ್ಲಿ ಗೌರವವೆಲ್ಲ ನಿಲುವಂಗಿ ತೊಟ್ಟವರಿಗೆ. ಬಕೆಟ್ ಹಿಡಿದವರಿಗೆ ‘ಸೇವೆ’ ಎಂಬ ದೊಡ್ಡ ಮಾತು ಸಿಗುತ್ತದೆ. ಎಷ್ಟೋ ಕಡೆ ಆ ಮಾತು ಸಂಬಳ ಕಡಿಮೆ ಕೊಡಲು ನೆಪವೂ ಆಗಿದೆ. ದುಡಿಮೆಯಲ್ಲಿ ದೇವರನ್ನು ಕಾಣುವುದು ದುಡಿಯುವವರ ಹಕ್ಕು. ದುಡಿಸಿಕೊಳ್ಳುವವರು ಅದನ್ನು ಉಪದೇಶಿಸಿದರೆ ನಮಗೆ ಸಿಟ್ಟು ಬರುತ್ತದೆ.

ಮಾಗಡಿಯಲ್ಲಿ ಇದನ್ನು ವಿವರಿಸುವ ಅಗತ್ಯವೂ ಕಡಿಮೆ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 1907ರಲ್ಲಿ ಹುಟ್ಟಿದ್ದು ಈ ತಾಲೂಕಿನ ವೀರಾಪುರದಲ್ಲಿ. ಕಾಯಕ, ದಾಸೋಹ ಇಲ್ಲಿ ಮನೆಮಾತು. ಹುಲಿಕಲ್ಲಿನಿಂದ ಕುದೂರಿನ ದಾರಿಯುದ್ದಕ್ಕೂ ಆಲದ ಸಸಿ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ ತಿಮ್ಮಕ್ಕ 2025ರ ನವೆಂಬರಿನಲ್ಲಿ ತೀರಿಕೊಂಡರು. ಅವರೂ ಕೂಲಿ ಮಾಡಿದವರೇ. ಪ್ರವಾದಿ ದಾವೂದರು ಕೈಯಾರೆ ದುಡಿದು ಉಣ್ಣುತ್ತಿದ್ದರೆಂದು ಹದೀಸಿನಲ್ಲಿದೆ ಎಂದು ನಮ್ಮ ನೆರೆಮನೆಯ ಸಾಬರು ಹೇಳುವುದನ್ನು ಕೇಳಿದ್ದೇವೆ.

ಆದರೆ ಕ್ರೈಸ್ತರ ಕೈಯಲ್ಲಿ ಬಕೆಟ್ ಕಂಡಾಗ ಮಾತ್ರ ಒಂದು ಪ್ರಶ್ನೆ ಹುಟ್ಟುತ್ತದೆ: ಇದಕ್ಕೆ ಬದಲಾಗಿ ಇವರಿಗೇನು ಬೇಕು? 2022ರಲ್ಲಿ ಕರ್ನಾಟಕದಲ್ಲಿ ಬಂದ ಮತಾಂತರ ವಿರೋಧಿ ಕಾಯ್ದೆ ‘ಆಮಿಷ’ದ ಪಟ್ಟಿಯಲ್ಲಿ ಉಡುಗೊರೆ, ಉದ್ಯೋಗ, ಧಾರ್ಮಿಕ ಸಂಸ್ಥೆಗಳ ಶಾಲೆಯ ಉಚಿತ ಶಿಕ್ಷಣವನ್ನೂ ಸೇರಿಸಿತು. ಆ ಪ್ರಶ್ನೆಗೆ ನಾವು ಮುನಿಸಿಕೊಂಡರೆ ಸಾಲದು. ಮಿಷನರಿಗಳಲ್ಲಿ ಆತ್ಮಗಳ ಲೆಕ್ಕ ಇಟ್ಟವರೂ ಇದ್ದರು, ಅದು ಚರಿತ್ರೆ. ನಾವು ಹೇಳಬಹುದಾದದ್ದು ಇಷ್ಟು: ಮತ್ತಾಯನ ಶುಭಸಂದೇಶದ ಅಂತಿಮ ತೀರ್ಪಿನ ಪ್ರಸಂಗದಲ್ಲಿ ಹಸಿದವರಿಗೆ ಉಣಿಸಿದವರು, ರೋಗಿಗಳನ್ನು ನೋಡಿಕೊಂಡವರು ತಮ್ಮ ಪುಣ್ಯದ ಸುದ್ದಿ ಕೇಳಿ ಬೆರಗಾಗುತ್ತಾರೆ. ತಾವು ಕ್ರಿಸ್ತನಿಗೇ ಅದನ್ನು ಮಾಡಿದೆವೆಂದು ಅವರಿಗೆ ಗೊತ್ತೇ ಇರಲಿಲ್ಲ. ಲೆಕ್ಕ ಇಟ್ಟು ಮಾಡಿದ ಸೇವೆ ಕಾಯ್ದೆಗಿಂತ ಮುಂಚೆ ಈ ಪ್ರಸಂಗದ ಎದುರೇ ಸೋಲುತ್ತದೆ.

ಕಳಂಕದ ವಿಷಯದಲ್ಲಂತೂ ಯಾರೂ ಯಾರಿಗೂ ಪಾಠ ಹೇಳುವಂತಿಲ್ಲ. ಸಂಗಾತಿಗೆ ಕುಷ್ಠವಿದ್ದರೆ ವಿಚ್ಛೇದನ ಪಡೆಯಬಹುದೆಂದು ಕ್ರೈಸ್ತರ, ಮುಸ್ಲಿಮರ, ಹಿಂದೂಗಳ ಕಾನೂನು ಮೂರೂ ಹೇಳುತ್ತಿದ್ದವು. ಎಲ್ಲದರಿಂದಲೂ ಅದನ್ನು ತೆಗೆದದ್ದು 2019ರಲ್ಲಿ. ಬಹುವಿಧ ಔಷಧಿಯಿಂದ ರೋಗ ಪೂರ್ತಿ ವಾಸಿಯಾಗುತ್ತದೆಂದು ಗೊತ್ತಾಗಿ ಅಷ್ಟರಲ್ಲಿ ಮೂರು ದಶಕಗಳ ಮೇಲಾಗಿತ್ತು.

ದೊಡ್ಡಮ್ಮ ಕೆಲಸ ಬಿಟ್ಟು ಈಗ ಮನೆಯಲ್ಲಿದ್ದಾರೆ. ಸಕ್ಕರೆ ಕಾಯಿಲೆಯವರ ಪಾದವೂ ಹೀಗೇ ಜೋಮು ಹಿಡಿದು ಗಾಯ ಗೊತ್ತಾಗದಂತಾಗುತ್ತದೆ. ನಮ್ಮ ಬೀದಿಯಲ್ಲಿ ಸಕ್ಕರೆ ಇಲ್ಲದ ಮನೆ ಹುಡುಕಬೇಕು. ಹಾಗಾಗಿ ಸಂಜೆ ಯಾರಾದರೂ ಬಂದು ಜಗಲಿಯ ಮೇಲೆ ಕಾಲು ಚಾಚುತ್ತಾರೆ. ಮೊನ್ನೆ ನೆರೆಮನೆಯ ಭಾಬಿ ಬಂದಿದ್ದರು. ನಮಾಜಿಗೆ ದಿನಕ್ಕೆ ಐದು ಸಲ ಕಾಲು ತೊಳೆಯುತ್ತೀನಲ್ಲ ಅಂದರು. ದೊಡ್ಡಮ್ಮ ಕನ್ನಡಕ ಏರಿಸಿ ಅವರ ಕಿರುಬೆರಳ ಸಂದಿ ಬಿಡಿಸಿ ನೋಡಿ, ‘ತೊಳೀತೀರಿ, ಒರೆಸಲ್ಲ. ನೋಡಿ ಇಲ್ಲಿ, ಬಿರುಕು ಬಿಟ್ಟಿದೆ’ ಎಂದು ಗದರಿ, ಎಣ್ಣೆ ತರಲು ನಮ್ಮನ್ನು ಒಳಗೆ ಕಳಿಸಿದರು.