ಸೆಲ್ಫ್ ಹೊಡೆಯುತ್ತೆ, ಸ್ಟಾರ್ಟ್ ಆಗಲ್ಲ

ಮಲೆನಾಡಿನ ಮಳೆಗಾಲದಲ್ಲಿ ಹೊರಡದೆ ನಿಂತ ಕಾರಿನ ಪಾಪವನ್ನೆಲ್ಲ ಹೊರುವ ಕೆಲಸ ಒಂದು ಕಾಲಕ್ಕೆ ಪ್ಲಗ್ಗುಗಳಿಗೆ ಕಿಡಿ ಹಂಚುವ ಡೆಲ್ಕೊದ್ದಾಗಿತ್ತು. ಈಗ ಅದು, ಕಳ್ಳರು ಕಾರು ಒಯ್ಯದಂತೆ ತಡೆಯುವ ಇಮೊಬಿಲೈಸರಿನ ಪಾಲಿಗೆ ಬಂದಿದೆ. 2001ರಲ್ಲಿ ನಮ್ಮ ರಸ್ತೆಗಿಳಿದ ಫಿಯಾಟ್ ಪಾಲಿಯೊದ 1.6 ಲೀಟರ್ ಮಾದರಿಯನ್ನೇ ತೆಗೆದುಕೊಳ್ಳಿ. ಕಟ್ಟುನಿಟ್ಟಾಗಿ ನೋಡಿದರೆ ಅದು ಸ್ಪೋರ್ಟ್ಸ್ ಕಾರಲ್ಲ, ನಿಜ. ಆದರೆ ಸುಮಾರು ನೂರು ಅಶ್ವಶಕ್ತಿಯ ಎಂಜಿನನ್ನು ಅಷ್ಟು ಚಿಕ್ಕ ಮೈಯಲ್ಲಿ ತುಂಬಿಕೊಂಡ ಕಾರನ್ನು, ರ‍್ಯಾಲಿ ನೋಡುತ್ತ ಬೆಳೆದ ಚಿಕ್ಕಮಗಳೂರು ಸೀಮೆಯವರು ಬೇರೆ ಯಾವ ಹೆಸರಿನಿಂದ ಕರೆದಾರು? ಅಂಥ ಕಾರು ಇಪ್ಪತ್ತು ವರ್ಷ ದಾಟಿದ ಮೇಲೆ ಒಂದು ಬೆಳಿಗ್ಗೆ ಸೆಲ್ಫ್ ಹೊಡೆಯುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಮೀಟರಿನಲ್ಲಿ ‘ಕೋಡ್’ ದೀಪ ಆರುವುದೇ ಇಲ್ಲ. ಸುತ್ತ ನಿಂತವರೆಲ್ಲ ‘ಇಮೊಬಿಲೈಸರ್ ಹೋಗಿದೆ, ಬೈಪಾಸ್ ಮಾಡಿಸಿ’ ಎಂದು ತೀರ್ಪು ಕೊಡುತ್ತಾರೆ. ನನಗೆ ಈ ತೀರ್ಪು ಅವಸರದ್ದೆಂದು ತೋರುತ್ತದೆ. ಬೇರೆಲ್ಲೋ ಆದ ಕೇಡನ್ನು ಎಲ್ಲಕ್ಕಿಂತ ಮೊದಲು ಹೇಳಿಬಿಡುವುದೇ ಹೆಚ್ಚಿನ ಸಲ ಆ ಬಡಪಾಯಿ ಪೆಟ್ಟಿಗೆಯ ಅಪರಾಧ.

ಕಾರನ್ನು ಬೇಕೆಂದೇ ಹೊರಡದಂತೆ ಮಾಡುವ ಉಪಾಯವೇನೂ ಹೊಸದಲ್ಲ. 1940ರಲ್ಲಿ, ಜರ್ಮನರು ಪ್ಯಾರಾಚೂಟಿನಲ್ಲಿ ಬಂದಿಳಿದಾರೆಂಬ ಭಯದಲ್ಲಿದ್ದ ಬ್ರಿಟನ್ ಸರ್ಕಾರ, ನಿಲ್ಲಿಸಿದ ಕಾರನ್ನು ಬೇರೆ ಯಾರೂ ಓಡಿಸಲಾಗದಂತೆ ಮಾಡಿಯೇ ಬಿಟ್ಟುಹೋಗಬೇಕೆಂದು ಆಜ್ಞೆ ಹೊರಡಿಸಿತ್ತು. ಜನ ಡೆಲ್ಕೊದ ಮುಚ್ಚಳ ತೆಗೆದು ಒಳಗಿನ ರೋಟರನ್ನು ಜೇಬಿಗಿಳಿಸಿಕೊಂಡು ನಡೆದರು. ಆ ರೋಟರು ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿತ್ತು. ಈಗಿನದು ಹಾಗಲ್ಲ. ಕೀಯ ಪ್ಲಾಸ್ಟಿಕ್ ತಲೆಯೊಳಗೆ ಒಂದು ಸಣ್ಣ ಚಿಪ್ ಇದೆ, ಅದಕ್ಕೆ ಸ್ವಂತ ಬ್ಯಾಟರಿಯೂ ಇಲ್ಲ. ಕೀ ತಿರುಗಿಸಿದಾಗ ಲಾಕಿನ ಸುತ್ತಲಿನ ತಾಮ್ರದ ಸುರುಳಿ ಸುಮಾರು 125 ಕಿಲೋಹರ್ಟ್ಸ್‌ನಲ್ಲಿ ಕಾಂತಕ್ಷೇತ್ರ ಹರಡುತ್ತದೆ. ಅದರಿಂದಲೇ ಶಕ್ತಿ ಪಡೆದು ಚಿಪ್ ತನ್ನ ಗುರುತು ಹೇಳುತ್ತದೆ. ಗುರುತು ಹೊಂದಿದರೆ ಮಾತ್ರ ‘ಕೋಡ್’ ದೀಪ ಆರಿ, ಎಂಜಿನನ್ನು ನಿಯಂತ್ರಿಸುವ ಪೆಟ್ಟಿಗೆಯಾದ ಇಸಿಯು ಪೆಟ್ರೋಲ್ ಬಿಡುತ್ತದೆ. ಕಳಸ, ಸಂಸೆಯ ಕಡೆ ಜೀಪನ್ನು ಇಳಿಜಾರಿನಲ್ಲಿ ನಿಲ್ಲಿಸಿ ಬೆಳಿಗ್ಗೆ ಉರುಳಿಸಿ ಸ್ಟಾರ್ಟ್ ಮಾಡುವ ಜಾಣ್ಮೆ ಇಲ್ಲಿ ನಡೆಯದು. ಯುರೋಪಿನ ಒಕ್ಕೂಟ 1998ರ ಅಕ್ಟೋಬರಿನಿಂದ ಹೊಸ ಕಾರುಗಳಿಗೆಲ್ಲ ಇಮೊಬಿಲೈಸರನ್ನು ಕಡ್ಡಾಯ ಮಾಡಿತ್ತು. ಅಲ್ಲಿಯ ಅಭ್ಯಾಸ ಪಾಲಿಯೊದ ಜೊತೆ ನಮ್ಮ ಘಟ್ಟವನ್ನೂ ಹತ್ತಿತು.

ಇಲ್ಲೇ ತೊಡಕಿರುವುದು. ಕುದುರೆಮುಖದ ಸುತ್ತ ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ. ಚಪ್ಪಲಿಗೆ ಬೂಷ್ಟು ಹಿಡಿಯುವ ಊರಿನಲ್ಲಿ ತಂತಿಗಳನ್ನು ಕೂಡಿಸುವ ಕಪ್ಲರಿನ ಪಿನ್ನಿಗೆ ಕಿಲುಬು ಹಿಡಿಯದಿರುತ್ತದೆಯೆ? ಕಿಲುಬಿನ ನಡುವೆಯೂ ಹೆಡ್‌ಲೈಟು ತುಸು ಮಂಕಾಗಿ ಉರಿದೀತು. ಗುರುತಿನ ಸಂಕೇತಕ್ಕೆ ಆ ಹೊಂದಾಣಿಕೆ ಗೊತ್ತಿಲ್ಲ. ಅದು ತಲುಪುತ್ತದೆ, ಇಲ್ಲವೆ ತಲುಪುವುದಿಲ್ಲ. ಹಾರ್ನು ಜೋರಾಗಿದೆ ಎಂದು ಬ್ಯಾಟರಿಯನ್ನು ನಂಬುವುದೂ ಇಂಥದೇ ಭ್ರಮೆ: ಸೆಲ್ಫ್ ಹೊಡೆದ ಗಳಿಗೆಯಲ್ಲಿ ವೋಲ್ಟೇಜು ಹತ್ತಕ್ಕಿಂತ ಬಹಳ ಕೆಳಗೆ ಕುಸಿದರೆ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ಗಲಿಬಿಲಿಗೊಳ್ಳುತ್ತವೆ. ಆದ್ದರಿಂದ ಖರ್ಚಿಲ್ಲದ ಕಡೆಯಿಂದ ಶುರುಮಾಡಬೇಕು. ಗೊಂಚಲಿನಲ್ಲಿ ಬೇರೆ ಕಾರಿನ ಚಿಪ್ ಕೀ ಇದ್ದರೆ ಬಿಡಿಸಿಡಬೇಕು, ಎರಡನೆಯ ಕೀ ಹಾಕಿ ನೋಡಬೇಕು. ಅದು ಕೆಲಸ ಮಾಡಿದರೆ ಕಾರಿನದೇನೂ ತಪ್ಪಿಲ್ಲ, ಮೊದಲ ಕೀ ಎಲ್ಲೋ ಬಿದ್ದು ಚಿಪ್ ಒಡೆದಿದೆ. ಆಮೇಲೆ ಸೆಲ್ಫ್ ಹೊಡೆಯುತ್ತಲೇ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿಯುವುದು, ಅರ್ತಿಂಗ್ ಬಿಚ್ಚಿ ತಿಕ್ಕುವುದು, ಸುರುಳಿಯ ತಂತಿ ತುಂಡಾಗಿಲ್ಲ ತಾನೆ ಎಂದು ಅಳೆಯುವುದು, ಡ್ಯಾಶ್‌ಬೋರ್ಡಿನ ಕೆಳಗೆ ಇಲಿಯ ಹಲ್ಲಿನ ಗುರುತು ಹುಡುಕುವುದು. ‘ಕೋಡ್’ ದೀಪ ಸರಿಯಾಗಿ ಆರಿಯೂ ಎಂಜಿನ್ ಹಿಡಿಯದಿದ್ದರೆ ಇಮೊಬಿಲೈಸರನ್ನು ಬಿಟ್ಟು ಪೆಟ್ರೋಲ್ ಪಂಪಿನ ರಿಲೇ ನೋಡಬೇಕು. ಗಣಿ 2005ರ ಕೊನೆಗೆ ನಿಂತು ಹೆಚ್ಚುಕಡಿಮೆ ಖಾಲಿಯಾದ ಕುದುರೆಮುಖ ಪಟ್ಟಣದಂಥ ಕಡೆಯಿಂದ, ಇಂಥ ಹಳೆಯ ಕಾರನ್ನು ಓದಬಲ್ಲ ಸ್ಕ್ಯಾನರ್ ಹುಡುಕಿಕೊಂಡು ಕಾರು ಎಳೆಸುವ ಮೊದಲು ಇಷ್ಟಾದರೂ ಆಗಬೇಡವೆ?

ಹಾಗಾದರೆ ಪೆಟ್ಟಿಗೆ ಕೆಡುವುದೇ ಇಲ್ಲವೆ ಎಂದರೆ, ಕೆಡುತ್ತದೆ. ಹಳೆಯ ಸಾಲ್ಡರ್ ಬಿರುಕು ಬಿಡುತ್ತದೆ, ಸುರುಳಿ ಸಾಯುತ್ತದೆ. ಅದು ಗೊತ್ತಾಗಬೇಕಾದರೂ ಮೇಲಿನದೆಲ್ಲ ಮುಗಿದಿರಬೇಕು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ ಇದೆ: ಕಳಸದಲ್ಲಿ ಹಳೆಯ ಪಾಲಿಯೊ ಕದಿಯುವ ಪುಣ್ಯಾತ್ಮ ಯಾರು? ನೆದರ್ಲೆಂಡ್ಸಿನ ಅಂಕಿಅಂಶ ಹಿಡಿದು ವಾನ್ ಊರ್ಸ್ ಮತ್ತು ವೊಲ್ಲಾರ್ಡ್ ಎಂಬ ಅರ್ಥಶಾಸ್ತ್ರಜ್ಞರು, 1995ರಿಂದ 2008ರ ನಡುವೆ ಈ ಸಾಧನದಿಂದ ಕಾರುಗಳ್ಳತನ ಸರಾಸರಿ ಶೇ. 40ರಷ್ಟು ತಗ್ಗಿತೆಂದು ತೋರಿಸಿದ್ದಾರೆ. ಅಮೆರಿಕದಲ್ಲಿ ಇದನ್ನು ಅಳವಡಿಸದೆ ಮಾರಿದ ಕಿಯಾ, ಹ್ಯುಂಡೈ ಕಾರುಗಳನ್ನು ಹುಡುಗರು ಯುಎಸ್‌ಬಿ ಕೇಬಲಿನ ತುದಿಯಿಂದ ತಿರುಗಿಸಿ ಒಯ್ದದ್ದು ಇತ್ತೀಚಿನ ಮಾತು. ಆ ಲೆಕ್ಕ ಕಳಸಕ್ಕೆ ಹೊಂದದು ಎನ್ನುವುದಾದರೆ ಒಪ್ಪಿದೆ. ನನ್ನ ತಕರಾರು ಕಳ್ಳರ ಬಗ್ಗೆ ಅಲ್ಲ. ಬೈಪಾಸಿಗೆಂದು ಇಸಿಯು ಬಿಚ್ಚಿ ಅದರ ನೆನಪನ್ನು ತಿದ್ದಿದರೂ ಕಪ್ಲರಿನ ಕಿಲುಬು, ಸಡಿಲ ಅರ್ತಿಂಗ್ ಇದ್ದಲ್ಲೇ ಇರುತ್ತವೆ. ಮುಂದಿನ ಮಳೆಗೆ ಅದೇ ಕೇಡು ಪಂಪನ್ನೋ ಇಂಜೆಕ್ಟರನ್ನೋ ಹಿಡಿಯುತ್ತದೆ. ಇಮೊಬಿಲೈಸರ್ ಹಟ ಮಾಡಿದ್ದು ಮನೆಯ ಶೆಡ್ಡಿನಲ್ಲಿ. ಇವು ಕೈಕೊಡುವುದು ಚಾರ್ಮಾಡಿಯ ತಿರುವಿನಲ್ಲಿ, ಹಿಂದೆ ಲಾರಿ ಬರುತ್ತಿರುವಾಗ.

ಒಂದು ದೂರಿಗೆ ಮಾತ್ರ ನನ್ನಲ್ಲಿ ಉತ್ತರವಿಲ್ಲ: ಗುಟ್ಟಿನ ಕೀಲಿಯನ್ನೆಲ್ಲ ತಯಾರಕರೇ ಇಟ್ಟುಕೊಂಡಿದ್ದಾರೆ. ಗುಜರಿಯಿಂದ ತಂದ ಇಸಿಯು ತನ್ನ ಹಳೆಯ ಕೀಯನ್ನಲ್ಲದೆ ಬೇರೆಯದನ್ನು ಒಪ್ಪುವುದಿಲ್ಲ. ಫಿಯಾಟಿನವರು ಕಾರಿನ ಜೊತೆ ಐದು ಅಂಕಿಯ ಗುಪ್ತ ಸಂಖ್ಯೆಯಿದ್ದ ಕೋಡ್ ಕಾರ್ಡ್ ಕೊಡುತ್ತಿದ್ದರು. ಅವರ ಕೆಲವು ಹಳೆಯ ಮಾದರಿಗಳಲ್ಲಿ ಆಕ್ಸಿಲರೇಟರ್ ತುಳಿದು, ದೀಪದ ಮಿನುಗು ಎಣಿಸಿ ಆ ಸಂಖ್ಯೆ ತಿಳಿಸಿದರೆ ಎಂಜಿನ್ ಹೊರಡುತ್ತಿತ್ತು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಆರ್‌ಸಿ ಕೇಳುತ್ತಾರೆ, ಇನ್ಶೂರೆನ್ಸ್ ಕೇಳುತ್ತಾರೆ, ಟೈರನ್ನು ಒದ್ದೂ ನೋಡುತ್ತಾರೆ. ಕಾರ್ಡ್ ಕೇಳಿದವರಿಲ್ಲ, ಕೇಳಿದರೂ, ನಾಲ್ಕನೆಯ ಮಾಲೀಕನಿಗೆ ಅಂಥದೊಂದು ಇತ್ತೆಂಬುದೇ ಗೊತ್ತಿರುವುದಿಲ್ಲ.